ಆ ಪೆಟ್ಟಿಗೆ ಸುಟ್ಟಿದ್ದು ಯಾರೆಂದು ನಿಮಗೆ ಗೊತ್ತಿತ್ತು

ಹೆಡ್ಮೇಷ್ಟ್ರೇ,

‘ಪೂಜ್ಯ’ ಎಂದು ಬರೆದು ಹೊಡೆದುಹಾಕಿದೆ. ಪತ್ರದ ತಲೆಯಲ್ಲಿ ಏನು ಬರೆಯಬೇಕು, ಎಷ್ಟು ಜಾಗ ಬಿಡಬೇಕು ಎಂದು ಕಲಿಸಿದವರು ನೀವು. ಮನಸ್ಸಿನಲ್ಲಿ ಇಲ್ಲದ್ದನ್ನು ಬರೆಯಬಾರದು ಎಂದು ಕಲಿಸಿದವರೂ ನೀವೇ. ಎರಡನೆಯದನ್ನು ಪಾಲಿಸುತ್ತಿದ್ದೇನೆ. ನಾನು ಪುಟ್ಟಸ್ವಾಮಿ, ಎಂಟನೇ ಕ್ಲಾಸು, ಹಾಜರಿ ಪುಸ್ತಕದಲ್ಲಿ ನೀವು ಕೆಂಪು ಶಾಯಿಯ ಗೆರೆ ಎಳೆದ ಹೆಸರು. ನೀವು ತೀರಿಹೋಗಿ ನಾಲ್ಕು ತಿಂಗಳಾಯಿತು. ನಾನು ನೋಡಲು ಬರಲಿಲ್ಲ. ಬಸ್ಸು ತಪ್ಪಿತು ಎಂದು ಊರವರಿಗೆ ಹೇಳಬಹುದಿತ್ತು. ಬಸ್ಸು ತಪ್ಪಿರಲಿಲ್ಲ. ಬರಲು ಮನಸ್ಸಿರಲಿಲ್ಲ, ಅಷ್ಟೇ.

ಎರಡು ತಿಂಗಳ ಹಿಂದೆ ನಿಮ್ಮ ಮನೆಯವರು, ಸಾವಿತ್ರಮ್ಮನವರು, ಕುಶಾಲನಗರದ ನಮ್ಮ ಅಂಗಡಿಯ ಮುಂದೆ ಎತ್ತಿನಗಾಡಿ ನಿಲ್ಲಿಸಿದರು. ನಾನು ಪಾಲಿಬೆಟ್ಟದ ಯಾವುದೋ ಬಂಗಲೆಯಿಂದ ಬಂದ ರೇಡಿಯೊದ ಡಯಲ್ ದಾರ ಬದಲಿಸುತ್ತಿದ್ದೆ. ನಮ್ಮ ಅಂಗಡಿ ಅಂದೆನಲ್ಲ, ಅದು ಬಶೀರಣ್ಣನದು. ನನಗೆ ಕೆಲಸ ಕಲಿಸಿದವನು ಅವನು. ಗಾಡಿಯಲ್ಲಿ ಕಂಬಳಿ ಹೊದಿಸಿದ ಒಂದು ದೊಡ್ಡ ಪೆಟ್ಟಿಗೆ. ಕಂಬಳಿಯ ಒಂದು ಮೂಲೆ ಜಾರಿತು, ತೇಗದ ಮರದ ದುಂಡು ಅಂಚು ಕಂಡಿತು. ಅಷ್ಟೇ ಸಾಕಾಯಿತು. ಆ ಅಂಚನ್ನು ನಾನು ಮರೆಯುವುದುಂಟೇ?

“ಶಾಲೆಯಲ್ಲಿ ಅವರ ಫೋಟೊ ಇಡ್ತಾರಂತೆ. ಅದರ ಕೆಳಗೆ ಇದು ಹಾಡಬೇಕಂತೆ. ರೇಡಿಯೊನೂ ಬರಬೇಕು, ಹಾಡಿನ ಪ್ಲೇಟೂ ತಿರುಗಬೇಕು,” ಅಂದರು ನಿಮ್ಮ ಮನೆಯವರು.

“ಬಶೀರಣ್ಣ ನೋಡ್ತಾರಮ್ಮ. ನನಗಿಂತ ಚೆನ್ನಾಗಿ ಬರ್ತದೆ ಅವರಿಗೆ.”

“ಬೇಡ. ನೀನೇ ಬಿಚ್ಚಬೇಕು. ಪೂರ್ತಿ ಬಿಚ್ಚಬೇಕು ಪುಟ್ಟಸ್ವಾಮಿ. ಮೇಲೆ ಮೇಲೆ ನೋಡಿ ಮುಚ್ಚಿಬಿಡಬೇಡ.”

ಅವರು ಹೋದ ಮೇಲೂ ನಾನು ನಿಂತೇ ಇದ್ದೆ. ಬಶೀರಣ್ಣ ಬೀಡಿ ಹಚ್ಚಿಕೊಂಡು ಕೇಳಿದ, “ಏನು ಮಾರಾಯ, ಹಿಂಗೆ ನಿಂತಿದ್ದೀಯ? ಪೆಟ್ಟಿಗೆ ಏನು ಕಚ್ತದಾ?”

“ಒಂದ್ಸಲ ಕಚ್ಚಿದೆ ಬಶೀರಣ್ಣ,” ಅಂದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ದಿನ ನಿಮಗೆ ನೆನಪಿದೆಯೇ? ನೀವು ಮರೆತಿದ್ದರೆ ನಾನು ಜ್ಞಾಪಿಸುತ್ತೇನೆ. ಪಕ್ಕದ ಎಸ್ಟೇಟಿನ ದೊರೆ ತೋಟ ಮಾರಿ ಹಡಗು ಹತ್ತುವ ಮುಂಚೆ ಈ ರೇಡಿಯೊಗ್ರಾಮನ್ನು ನಿಮಗೆ ಕೊಟ್ಟು ಹೋಗಿದ್ದ. ಮೇಲೆ ರೇಡಿಯೊ, ಮುಚ್ಚಳ ಎತ್ತಿದರೆ ಪ್ಲೇಟು ತಿರುಗಿಸುವ ತಟ್ಟೆ. ಊರಿನಲ್ಲಿ ಇನ್ನೂ ಕರೆಂಟು ಇರಲಿಲ್ಲ. ಆ ದಿನದ ಭಾಷಣವನ್ನು ಊರಿಗೆಲ್ಲ ಕೇಳಿಸುತ್ತೇನೆಂದು ನೀವು ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪಿಂಗ್ ಹೌಸಿನ ಡೈನಮೊದಿಂದ ಶಾಲೆಯವರೆಗೆ ತಂತಿ ಎಳೆಸಿದಿರಿ. ಹಿಂದಿನ ಸಂಜೆ ಪೆಟ್ಟಿಗೆಯ ಧೂಳು ಒರೆಸಲು ನನ್ನನ್ನು ಬಿಟ್ಟಿರಿ. ನಾನು ಒರೆಸಿದೆ. ಆಮೇಲೆ ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ನೋಡಿದೆ. ಬಲ್ಬಿನಂಥ ಒಂದು ವಾಲ್ವನ್ನು ಕಿತ್ತು ಬೆಳಕಿಗೆ ಹಿಡಿದೆ. ಗಾಜಿನ ಒಳಗೆ ಒಂದು ಸಣ್ಣ ಊರೇ ಇದ್ದ ಹಾಗಿತ್ತು. ಮತ್ತೆ ಅದೇ ಜಾಗಕ್ಕೆ ಕೂರಿಸಿದೆ.

ಮರುದಿನ ನೀವು ಸ್ವಿಚ್ಚು ಒತ್ತಿದಿರಿ. ಒಳಗೆ ಟಕ್ ಎಂದಿತು, ಮತ್ತೇನೂ ಇಲ್ಲ. ಡೈನಮೊ ನೋಡಿಕೊಳ್ಳುತ್ತಿದ್ದ ಎಸ್ಟೇಟಿನ ಎಂಜಿನ್ ಡ್ರೈವರ್ ತಲೆ ಕೆರೆದುಕೊಂಡು, “ಸಾರ್, ಬಂಗಲೆಯಲ್ಲಿ ಇದ್ರ ಪಕ್ಕ ಇನ್ನೊಂದು ಪೆಟ್ಟಿಗೆ ಇತ್ತು, ಗುಂಯ್ ಅಂತ ಇರ್ತಿತ್ತು. ಅದ್ರ ಮೂಲಕಾನೇ ಕರೆಂಟು ಕೊಡ್ತಿದ್ರು. ಅದಿಲ್ದೆ ಕೊಡಬಹುದಾ?” ಅಂದ. ನೀವು ಏನಂದಿರಿ? “ನೀನು ಎಂಜಿನ್ನಿಗೆ ಎಣ್ಣೆ ಹಾಕು, ನನಗೆ ಪಾಠ ಹೇಳಬೇಡ.” ಜನ ನಕ್ಕರು. ನೀವು ಉಳಿದಿದ್ದ ತಂತಿಯಿಂದ ದಪ್ಪ ತಾಮ್ರದ ಎಳೆ ಕತ್ತರಿಸಿ ಸುಟ್ಟುಹೋದ ಫ್ಯೂಸಿನ ಜಾಗದಲ್ಲಿ ಸುತ್ತಿದಿರಿ. ಮತ್ತೆ ಒತ್ತಿದಿರಿ. ಟಾರು ಕಾಯಿಸಿದ ವಾಸನೆ ಬಂತು. ಆಮೇಲೆ ಹಿಂದಿನಿಂದ ಕಪ್ಪು ಹೊಗೆ. ಮುಂದಿನ ಬೆಂಚಿನಲ್ಲಿ ಕೂತಿದ್ದ ಊರಿನ ಹಿರಿಯರು ಚಿಣ್ಣಪ್ಪನವರು ಜೋರಾಗಿಯೇ ಹೇಳಿದರು, “ಎಂತ ಮೇಷ್ಟ್ರೇ, ರಾಜ್ಯ ಸೇರಿ ಇನ್ನೂ ಒಂದು ಹೊತ್ತಾಗಿಲ್ಲ, ಆಗ್ಲೇ ಹೊಗೆಯಾ?” ಇಡೀ ಶಾಲೆ ನಕ್ಕಿತು. ನಿಮ್ಮ ಮುಖ ನನಗೆ ಈಗಲೂ ಕಾಣುತ್ತದೆ. ನೀವು ನಮ್ಮ ಕಡೆ ತಿರುಗಿದಿರಿ. “ಇದನ್ನು ಮುಟ್ಟಿದವರು ಯಾರು?”

ನಾನು ಕೈ ಎತ್ತಿದೆ. ನೀವೇ ಪ್ರತಿ ಸೋಮವಾರ ಕರಿಹಲಗೆಯ ಮೇಲೆ ಬರೆಸುತ್ತಿದ್ದಿರಲ್ಲ, ನಿಜ ಹೇಳಿದವನಿಗೆ ಶಿಕ್ಷೆಯಿಲ್ಲ ಎಂದು. ಅದನ್ನು ನಂಬಿದ್ದವನು ಇಡೀ ಶಾಲೆಯಲ್ಲಿ ನಾನೊಬ್ಬನೇ ಅಂತ ಕಾಣುತ್ತದೆ. ಬಿಚ್ಚಿದ್ದು ಹೇಳಿದೆ, ವಾಲ್ವ್ ಕಿತ್ತದ್ದು ಹೇಳಿದೆ, ಕೂರಿಸಿದ್ದು ಹೇಳಿದೆ. ಹನ್ನೆರಡು ಏಟು ಕೊಟ್ಟಿರಿ. ಅದರ ಲೆಕ್ಕ ನನಗೆ ಮುಖ್ಯವಲ್ಲ, ಅಂಗೈ ವಾರದಲ್ಲಿ ವಾಸಿಯಾಯಿತು. ಆಮೇಲೆ ಶಿಕ್ಷೆಯ ಪುಸ್ತಕ ತರಿಸಿದಿರಿ. ನಿಮ್ಮ ದುಂಡನೆಯ ಅಕ್ಷರದಲ್ಲಿ ‘ಈ ಪೆಟ್ಟಿಗೆಯನ್ನು ಕೆಡಿಸಿದವನು ನಾನು’ ಎಂದು ಬರೆದು, ಕೆಳಗೆ ಜಾಗ ಬಿಟ್ಟು, ನನ್ನ ಮುಂದೆ ತಳ್ಳಿದಿರಿ. ಸಹಿ ಹಾಕು ಅಂದಿರಿ. ನಾನು ಹಾಕಲಿಲ್ಲ. ಬಿಚ್ಚಿದವನು ನಾನು ಎಂದಿದ್ದರೆ ಹಾಕುತ್ತಿದ್ದೆ. ಕೆಡಿಸಿದವನು ಎಂಬುದಕ್ಕೆ ಹೇಗೆ ಹಾಕಲಿ?

ನಮ್ಮವ್ವ ಗದ್ದೆ ಕೆಲಸ ಬಿಟ್ಟು ಬಂದು ಶಾಲೆಯ ಮೆಟ್ಟಿಲ ಹತ್ತಿರ ನಿಂತದ್ದು ನಿಮಗೆ ನೆನಪಿರಬೇಕು. ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು ನಾವು. ಮೇಷ್ಟ್ರ ಮುಂದೆ ತಲೆ ಎತ್ತಿ ಮಾತಾಡಿ ಅವಳಿಗೆ ಗೊತ್ತಿಲ್ಲ. “ಸಹಿ ಹಾಕಲಿ, ಸೇರಿಸಿಕೊಳ್ತೇನೆ,” ಅಂದಿರಿ. ಮನೆಗೆ ಬಂದು ಅವಳು ನನ್ನ ಗಲ್ಲ ಹಿಡಿದಳು, “ಒಂದು ಸಹಿ ತಾನೇನ್ಲಾ ಮಗ, ಗೀಚಿ ಬಿಸಾಕ್ಲಾ. ನಿಂಗೇನು ಕಳೀತದೆ?” ಅವಳಿಗೂ ಇಲ್ಲ ಅಂದೆ. ನೀವು ಟಿ.ಸಿ. ಬರೆದು ಕೈಗೆ ಕೊಟ್ಟಿರಿ. ನಡತೆ ಎಂಬ ಕಡೆ, ‘ಪರರ ಸೊತ್ತು ಕೆಡಿಸಿ ಸುಳ್ಳು ಹೇಳುವವನು.’ ಎರಡು ಶಾಲೆಯವರು ಆ ಸಾಲು ಓದಿ ಬಾಗಿಲಲ್ಲೇ ತಿರುಗಿಸಿದರು. ನಾನು ಮೂರನೆಯ ಕಡೆ ಹೋಗಲಿಲ್ಲ. ಮರದ ಲಾರಿಯಲ್ಲಿ ಕ್ಲೀನರ್ ಆದೆ, ಒಂದು ಸುಗ್ಗಿ ಬಾಳೆಲೆ ಎಂಬ ಊರಿನ ತೋಟವೊಂದರಲ್ಲಿ ಕಾಫಿ ಕೊಯ್ಲಿಗೆ ಹೋದೆ, ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಬಶೀರಣ್ಣನ ಅಂಗಡಿ. ಈಗ ಮೈಸೂರಿನಲ್ಲಿ ರೇಡಿಯೊ ಕೆಲಸದ ತರಬೇತಿ ಕ್ಲಾಸು ಶುರುವಾಗಿದೆ. ಎಂಟನೇ ಕ್ಲಾಸು ಕೂತಿದ್ದರೆ ಸಾಕಂತೆ. ಅರ್ಜಿಯ ಜೊತೆ ಟಿ.ಸಿ. ಇಡಬೇಕು. ಅರ್ಜಿಯನ್ನು ತುಂಬಿಸಿ ಡ್ರಾಯರಿನಲ್ಲಿ ಇಟ್ಟಿದ್ದೆ. ಟಿ.ಸಿ. ತೋರಿಸಲು ಮುಖವಿರಲಿಲ್ಲ. ನಿಮ್ಮ ಒಂದು ಸಾಲು ಮೇಷ್ಟ್ರೇ, ಆರು ವರ್ಷ...

ಪೆಟ್ಟಿಗೆ ಬಿಚ್ಚಿದ ಬೆಳಿಗ್ಗೆ ಮೊದಲು ನೋಡಿದ್ದು ಹಿಂದಿನ ಮುಚ್ಚಳವನ್ನು. ಸ್ಕ್ರೂ ಮೂರೇ ಇತ್ತು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅಂದು ನಾಲ್ಕೂ ಹಾಕಿದೆ ಎಂದು ನಿಮಗೆ ಹೇಳಿದ್ದೆ. ಅದು ಸುಳ್ಳು. ನಾಲ್ಕನೆಯದು ಕೈಜಾರಿ ಒಳಗೆ ಬಿದ್ದಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ, ಹೆದರಿ ಮೂರರಲ್ಲೇ ಮುಚ್ಚಿದ್ದೆ. ಆರು ವರ್ಷ ನಿಮ್ಮನ್ನು ಬೈದುಕೊಳ್ಳುವಾಗಲೆಲ್ಲ ಆ ಸ್ಕ್ರೂ ನನ್ನನ್ನು ಚುಚ್ಚುತ್ತಿತ್ತು. ಅದೇ ಎಲ್ಲೋ ಎರಡು ತಂತಿಯ ನಡುವೆ ಬಿದ್ದು ಸುಟ್ಟಿದ್ದರೆ? ನೀವು ಹೇಳಿದ್ದೇ ನಿಜವಾಗಿದ್ದರೆ? ಮುಚ್ಚಳ ತೆಗೆದು ಒಳಗೆ ಟಾರ್ಚು ಬಿಟ್ಟೆ.

ಸ್ಕ್ರೂ ಸಿಕ್ಕಿತು. ಲೌಡ್‌ಸ್ಪೀಕರಿನ ಬೆನ್ನಿನ ಅಯಸ್ಕಾಂತಕ್ಕೆ ಅಂಟಿಕೊಂಡು, ತುಕ್ಕು ಹಿಡಿದು, ಬಿದ್ದ ದಿನದಿಂದ ಅಲ್ಲೇ ಇತ್ತು. ಅದರ ಸುತ್ತ ಒಂದು ಗೇಣಿನಷ್ಟು ದೂರ ಯಾವ ತಂತಿಯೂ ಇಲ್ಲ. ಆದರೂ ನನಗೆ ನಾನೇ ವಿನಾಯಿತಿ ಕೊಡಲಿಲ್ಲ. ವಾಲ್ವುಗಳನ್ನು ಒಂದೊಂದಾಗಿ ನೋಡಿದೆ, ನಾನು ಕಿತ್ತದ್ದು ತನ್ನ ಜಾಗದಲ್ಲೇ ಇತ್ತು, ಕೆಟ್ಟಿರಲಿಲ್ಲ. ಮೀಟರಿನ ಕಡ್ಡಿ ಹಿಡಿದು ಟ್ರಾನ್ಸ್‌ಫಾರ್ಮರಿಗೆ ಬಂದೆ. ಕರೆಂಟು ಮೊದಲು ಹೋಗುವ ತಂತಿಯ ಸುತ್ತಿನಲ್ಲಿ ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಸುಟ್ಟು ಕರಕಲಾಗಿತ್ತು. ಫ್ಯೂಸಿನ ಜಾಗದಲ್ಲಿ ನಿಮ್ಮ ತಾಮ್ರದ ಎಳೆ, ನೀವು ಸುತ್ತಿದ ಹಾಗೇ, ಏನೂ ಆಗದೆ ಇತ್ತು.

“ಇದು ಯಾರು ಮಾಡಿದ ಕೆಲಸ ಮಾರಾಯ?” ಬಶೀರಣ್ಣ ಬಗ್ಗಿ ನೋಡಿದ. “ಏಸಿ ಸೆಟ್ಟು. ಡೀಸಿಗೆ ಕೊಟ್ಟಿದ್ದಾರೆ. ಮೊದಲು ಫ್ಯೂಸ್ ಹೋಗಿದೆ, ಬೇಡ ಅಂತ ಎಚ್ಚರಿಕೆ ಕೊಟ್ಟಿದೆ. ಅದರ ಬಾಯಿಗೇ ತಂತಿ ತುರುಕಿದ್ದಾರೆ!” ನನಗೂ ಈಗ ಇದು ಗೊತ್ತಿರುವ ಪಾಠ. ಎಸ್ಟೇಟಿನ ಡೈನಮೊ ಕೊಡುವುದು ಡೀಸಿ, ಒಂದೇ ಕಡೆ ಹರಿಯುವ ಕರೆಂಟು. ಈ ಪೆಟ್ಟಿಗೆಗೆ ಬೇಕಾದದ್ದು ಏಸಿ, ಹಿಂದೆ ಮುಂದೆ ಆಡುವ ಕರೆಂಟು. ದೊರೆಯ ಬಂಗಲೆಯಲ್ಲಿ ಗುಂಯ್ ಎನ್ನುತ್ತಿದ್ದ ಆ ಇನ್ನೊಂದು ಪೆಟ್ಟಿಗೆ ಒಂದನ್ನು ಇನ್ನೊಂದು ಮಾಡಿಕೊಡುತ್ತಿತ್ತು. ಎಂಜಿನ್ ಡ್ರೈವರಿಗೆ ಹೆಸರು ಗೊತ್ತಿರಲಿಲ್ಲ, ಆದರೆ ನಿಜ ಗೊತ್ತಿತ್ತು. ಇಷ್ಟಕ್ಕೇ ನಿಂತಿದ್ದರೆ ನಿಮ್ಮ ಮೇಲೆ ನನಗೆ ಬರೀ ಸಿಟ್ಟು ಇರುತ್ತಿತ್ತು. ತಿಳಿಯದೆ ಮಾಡಿದ ತಪ್ಪು, ಯಾರು ಮಾಡುವುದಿಲ್ಲ?

ನಿಮ್ಮ ಮನೆಯವರ ಮಾತು ನೆನಪಾಯಿತು, ಪೂರ್ತಿ ಬಿಚ್ಚು ಎಂದದ್ದು. ಕೆಳಗಿನ ನಾಲ್ಕು ಬೋಲ್ಟು ತೆಗೆದು ಇಡೀ ಯಂತ್ರವನ್ನು ಮರದ ಗೂಡಿನಿಂದ ಹೊರಗೆ ಎಳೆದೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ ಮೇಷ್ಟ್ರೇ, ನಿಮಗೆ ಗೊತ್ತಿದ್ದಿರಲಾರದು. ಯಾರೇ ರಿಪೇರಿ ಮಾಡಿದರೂ ಯಂತ್ರ ಕೂರುವ ಹಲಗೆಯ ಮೇಲೆ, ಮಾಲೀಕನಿಗೆ ಕಾಣದ ಕಡೆ, ತಾರೀಖು ಹಾಕಿ ಏನು ಕಂಡೆ ಎಂದು ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾರೆ. ಮುಂದೆ ಬಿಚ್ಚುವವನಿಗೆ ದಾರಿ ತೋರಲಿ ಎಂದು. ಅಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ‘ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಏಸಿ ಸೆಟ್ಟನ್ನು ಡೀಸಿಗೆ ಹಾಕಿದ್ದಾರೆ. ಫ್ಯೂಸಿಗೆ ದಪ್ಪ ತಂತಿ. ಬೇರೆ ದೋಷವಿಲ್ಲ. ಮಾಲೀಕರಿಗೆ ತಿಳಿಸಿದೆ. ರಿಪೇರಿ ಬೇಡ ಎಂದರು.’ ಕೆಳಗೆ ತಾರೀಖು. ನನ್ನ ಹೆಸರಿಗೆ ಕೆಂಪು ಗೆರೆ ಬಿದ್ದು ಒಂದು ತಿಂಗಳೂ ಆಗಿರಲಿಲ್ಲ.

ಕುಶಾಲನಗರದ ಸಂತೆಯಲ್ಲಿ ನೀವು ಸಿಕ್ಕಿದ್ದಿರಲ್ಲ, ಅದು ಆಮೇಲಿನ ವರ್ಷ. ನಾನು ಲಾರಿಯಿಂದ ಇಳಿಯುತ್ತಿದ್ದೆ, ಮೈಯೆಲ್ಲ ಗ್ರೀಸು. ನೀವು ಕೊಡೆ ಊರಿ ನಿಂತು, “ಏನೋ ಪುಟ್ಟಸ್ವಾಮಿ, ಈಗಲಾದರೂ ಬುದ್ಧಿ ಬಂತೇ?” ಅಂದಿರಿ. ನಾನು ತಲೆ ತಗ್ಗಿಸಿದೆ. ಆ ಸ್ಕ್ರೂ ಇತ್ತಲ್ಲ ಮನಸ್ಸಿನಲ್ಲಿ. ಹಲಗೆಯ ಮೇಲಿನ ಅಕ್ಷರ ಓದುವಾಗ ನನಗೆ ಆ ಸಂತೆ ನೆನಪಾಯಿತು. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಕೇಳಿದಿರಿ. ಹೇಗೆ ಸಾಧ್ಯವಾಯಿತು ಹೇಳಿ? ನಾಲಿಗೆ ಹೇಗೆ ಹೊರಳಿತು? ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ತಪ್ಪಾಯಿತು ಎಂದೂ ಬರೆಯಬೇಕಾಗಿರಲಿಲ್ಲ. ನಾಳೆಯಿಂದ ಶಾಲೆಗೆ ಬಾ, ಇಷ್ಟು. ರಿಪೇರಿ ಬೇಡ ಅಂದಿರಂತೆ. ಪೆಟ್ಟಿಗೆ ಹಾಡಿದರೆ ಅದು ಹೇಗೆ ಕೆಟ್ಟಿತ್ತೆಂದು ಜನ ಕೇಳುತ್ತಾರೆ ಎಂದೇ? ಮೂಗ ಪೆಟ್ಟಿಗೆಯೇ ಒಳ್ಳೆಯದು ಎಂದೇ?

ಸಾವಿತ್ರಮ್ಮನವರು ಮತ್ತೆ ಬಂದಾಗ ನಾನು ಕೂರಿ ಎಂದೂ ಹೇಳಲಿಲ್ಲ. ಹಲಗೆ ತೋರಿಸಿದೆ. ಅವರು ಕನ್ನಡಕ ಹಾಕಲಿಲ್ಲ, ಬಗ್ಗಲೂ ಇಲ್ಲ.

“ಓದಿ ಅಮ್ಮ,” ಅಂದೆ.

“ಓದೋದೇನು. ಮೈಸೂರಿಂದ ಬಂದ ಆ ಮೆಕ್ಯಾನಿಕ್ಕಿಗೆ ಕಾಫಿ ಕೊಟ್ಟೋಳೇ ನಾನು. ಅವನು ಇದನ್ನ ಬರೆದಾಗ ಅಲ್ಲೇ ನಿಂತಿದ್ದೆ.”

“ಆರು ವರ್ಷ ಸುಮ್ಮನಿದ್ರಿ.”

“ಇದ್ದೆ.”

“ನಮ್ಮವ್ವ ನಿಮ್ಮ ಮನೆ ಮುಂದೇನೇ ನಡೆದು ಗದ್ದೆಗೆ ಹೋಗೋದು. ಒಂದ್ಸಲ ಕರೆದು ಹೇಳಬಹುದಿತ್ತು.”

“ಹೇಳಬಹುದಿತ್ತು.” ಸೆರಗಿನಿಂದ ಬಾಯಿ ಒರೆಸಿಕೊಂಡರು. “ಅವರಿರೋವರೆಗೂ ಬಾಯಿ ಬರಲಿಲ್ಲ ಕಣಪ್ಪ. ಹೋದ ಮೇಲೂ ಬರಲಿಲ್ಲ. ಅದಕ್ಕೇ ಪೆಟ್ಟಿಗೆ ನಿನ್ನ ಹತ್ರಾನೇ ತಂದೆ.”

“ನನಗೆ ಟಿ.ಸಿ. ಬೇಕು. ಬೇರೇದು. ಹೊಸ ಹೆಡ್ಮೇಷ್ಟ್ರ ಮುಂದೆ ಇದನ್ನೇ ಹೇಳ್ತೀರಾ?”

ಅವರು ರಸ್ತೆಯ ಕಡೆ ನೋಡಿದರು. “ಫೋಟೊ ಇಡೋ ದಿನ ಹತ್ರ ಬಂತು,” ಎಂದಷ್ಟೇ ಹೇಳಿ ಗಾಡಿ ಹತ್ತಿದರು. ನಿಮ್ಮ ಮನೆಯವರ ಮೇಲೂ ನನಗೆ ಸಿಟ್ಟಿದೆ ಮೇಷ್ಟ್ರೇ. ಆದರೆ ಅವರು ಕಡೆಗೆ ಗಾಡಿ ಕಟ್ಟಿಸಿದರು. ನೀವು?

ಈ ಪೆಟ್ಟಿಗೆಯ ಕೆಲಸ ಬಿಟ್ಟುಬಿಡೋಣ ಎಂದು ಬಶೀರಣ್ಣನಿಗೆ ಹೇಳಿದ್ದೆ. ಅವನು ಗದರಿದ, “ಮೇಷ್ಟ್ರ ಮೇಲಿನ ಸಿಟ್ಟು ಸೆಟ್ಟಿನ ಮೇಲೆ ಯಾಕಯ್ಯ? ಅದೇನು ಮಾಡಿದೆ ಪಾಪ? ಅದೂ ನಿನ್ನ ಹಂಗೇ ಬೈಸಿಕೊಂಡು ಕೂತಿದೆ.” ಹಾಗಾಗಿ ಮಾಡಿದೆ. ಸುಟ್ಟ ಸುತ್ತುಗಳನ್ನು ಎಣಿಸುತ್ತ ಬಿಚ್ಚಿ, ಅಷ್ಟೇ ಸುತ್ತು ಹೊಸ ತಂತಿಯನ್ನು ಕೈಯಿಂದ ಸುತ್ತಿದೆ, ಪದರಕ್ಕೊಂದು ಕಾಗದ ಇಟ್ಟು. ನಡುವೆ ಎರಡು ಸಲ ಲೆಕ್ಕ ತಪ್ಪಿ ಮೊದಲಿನಿಂದ ಶುರು ಮಾಡಿದೆ. ಮಳೆಗಾಲದ ತೇವಕ್ಕೆ ವಾರ್ನಿಷ್ ಒಣಗಲಿಲ್ಲ, ಬಶೀರಣ್ಣನ ಮನೆಯ ಒಲೆಯ ಪಕ್ಕ ಮೂರು ದಿನ ಇಟ್ಟೆವು. ಮೇಣ ಕರಗಿದ ಕಂಡೆನ್ಸರುಗಳನ್ನು ತೆಗೆದು ಬೇರೆ ಹಾಕಿದೆ. ಪ್ಲೇಟು ತಿರುಗಿಸುವ ರಬ್ಬರ್ ಗಾಲಿ ಗಟ್ಟಿಯಾಗಿ ಜಾರುತ್ತಿತ್ತು, ಹಾಗೇ ಬಿಟ್ಟಿದ್ದರೆ ಹಾಡುವವರೆಲ್ಲ ಕುಡಿದವರ ಹಾಗೆ ಎಳೆಯುತ್ತಿದ್ದರು. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ, ಮೋಟಾರಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಮೊದಲ ಸಲ ಕರೆಂಟು ಕೊಡುವಾಗ ನೇರವಾಗಿ ಕೊಡಲಿಲ್ಲ. ನಡುವೆ ಒಂದು ಬಲ್ಬು ಇಟ್ಟು ಕೊಟ್ಟೆ. ಒಳಗೆ ಏನಾದರೂ ತಪ್ಪಿದ್ದರೆ ಬಲ್ಬು ಜೋರಾಗಿ ಉರಿದು ಹೇಳುತ್ತದೆ, ಸೆಟ್ಟು ಸುಡುವುದಿಲ್ಲ. ಬಲ್ಬು ಒಮ್ಮೆ ಉರಿಯಿತು, ಆಮೇಲೆ ಮಂಕಾಯಿತು. ವಾಲ್ವುಗಳು ಒಂದೊಂದಾಗಿ ಕೆಂಪಾದವು. ಅನುಮಾನ ಇದ್ದ ಕಡೆ ಮೊದಲು ಬಲ್ಬು ಇಟ್ಟು ನೋಡಬೇಕು ಮೇಷ್ಟ್ರೇ. ನನ್ನ ವಿಷಯದಲ್ಲಿ ನೀವು ಅಷ್ಟನ್ನಾದರೂ...

ಹೋದ ವಾರ ಶಾಲೆಯಲ್ಲಿ ನಿಮ್ಮ ಫೋಟೊ ಇಟ್ಟರು. ಗಂಧದ ಹಾರ ಹಾಕಿದರು. ನಾಲ್ಕು ಜನ ಮಾತಾಡಿದರು, ನಾಲ್ವರೂ ನಿಮ್ಮನ್ನು ಸತ್ಯವಂತ ಅಂದರು. ನಾನು ಪ್ಲಗ್ಗು ಹಿಡಿದು ಕೂತಿದ್ದೆ. ಈಗ ಶಾಲೆಗೆ ಕರೆಂಟು ಬಂದಿದೆ. ಹೊಸ ಹೆಡ್ಮೇಷ್ಟ್ರು, “ರಿಪೇರಿ ಮಾಡಿದ ಹುಡುಗನೂ ಎರಡು ಮಾತು ಆಡಲಿ,” ಅಂದರು. ಎದ್ದು ನಿಂತೆ. “ಈ ಪೆಟ್ಟಿಗೆ ಸುಟ್ಟದ್ದು ಡೀಸಿ ಕರೆಂಟು ಕೊಟ್ಟಿದ್ದರಿಂದ. ನಾನು ಮುಟ್ಟಿದ್ದರಿಂದ ಅಲ್ಲ. ಈಗಿನ ಕರೆಂಟು ಏಸಿ. ಯಾರೂ ಹೆದರಬೇಡಿ,” ಎಂದು ಹೇಳಿ ಕೂತೆ. ಚಿಣ್ಣಪ್ಪನವರು, ಈಗ ಕೋಲು ಹಿಡಿದು ಬರುತ್ತಾರೆ, ಆದರೆ ಗಂಟಲು ಹಾಗೇ ಇದೆ, ಕೇಳಿದರು, “ಹಂಗಾದ್ರೆ ಅವತ್ತು ನಮಗೆಲ್ಲ ಹೊಗೆ ಕುಡಿಸಿದ್ದು ಯಾರು ಮಾರಾಯ?”

ನಾನು ಬಾಯಿ ತೆರೆಯುವ ಮುಂಚೆ ಸಾವಿತ್ರಮ್ಮನವರು ಎದ್ದರು. ನಿಮ್ಮ ಫೋಟೊದ ಕಡೆ ನೋಡಲಿಲ್ಲ. “ನಮ್ಮ ಯಜಮಾನರು,” ಅಂದರು. “ಅವರಿಗೆ ಅದು ಗೊತ್ತಿತ್ತು.” ಕೂತರು. ಹಿಂದಿನ ಸಾಲಿನಲ್ಲಿದ್ದ ನಮ್ಮವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೊಸ ಹೆಡ್ಮೇಷ್ಟ್ರು ಏನು ಮಾಡಬೇಕೆಂದು ತೋಚದೆ ನನಗೆ ಕೈಸನ್ನೆ ಮಾಡಿದರು. ಪ್ಲಗ್ಗು ಹಾಕಿದೆ. ಹೊಗೆ ಬರಲಿಲ್ಲ.

ನಿನ್ನೆ ಹೊಸ ಟಿ.ಸಿ. ಕೈಗೆ ಬಂತು. ನಡತೆ, ‘ಒಳ್ಳೆಯದು.’ ಒಂದು ಸ್ಕ್ರೂವಿನಷ್ಟು ಸುಳ್ಳು ಅದರಲ್ಲೂ ಇದೆ ಎಂದು ಹೊಸ ಹೆಡ್ಮೇಷ್ಟ್ರಿಗೆ ಹೇಳಿದೆ. ನಕ್ಕು, ಹೋಗಯ್ಯ ಅಂದರು. ಅರ್ಜಿ ಇವತ್ತು ಬೆಳಗಿನ ಟಪಾಲಿಗೆ ಹೋಯಿತು. ನಿಮ್ಮನ್ನು ಕ್ಷಮಿಸಿದೆ ಎಂದು ಬರೆದರೆ ಪತ್ರ ಚೆನ್ನಾಗಿ ಮುಗಿಯುತ್ತದೆ. ಆದರೆ ಕ್ಷಮಿಸಿಲ್ಲ. ಅದರ ಬದಲು ಒಂದು ಮಾತು ಕೊಡುತ್ತೇನೆ. ವರ್ಷಕ್ಕೊಮ್ಮೆ ಬಂದು ಆ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ಧೂಳು ತೆಗೆಯುತ್ತೇನೆ. ಆ ಪೆನ್ಸಿಲ್ ಅಕ್ಷರ ಮಾಸಿದ್ದರೆ ಮೇಲೆ ತಿದ್ದುತ್ತೇನೆ. ಅಳಿಸುವುದಿಲ್ಲ. ಯಂತ್ರವನ್ನು ಗೂಡಿಗೆ ಸೇರಿಸುವ ಮುಂಚೆ ಮೈಸೂರಿನ ಮೆಕ್ಯಾನಿಕ್ಕಿನ ಸಾಲಿನ ಕೆಳಗೆ ನಾನೂ ಬರೆದಿದ್ದೇನೆ: ‘ಟ್ರಾನ್ಸ್‌ಫಾರ್ಮರ್ ಹೊಸದಾಗಿ ಸುತ್ತಿದೆ. ಹಿಂದಿನ ಮುಚ್ಚಳದ ನಾಲ್ಕನೇ ಸ್ಕ್ರೂ ಕಳೆದವನು ನಾನು, ಹಾಕಿದವನೂ ನಾನು. ಈ ಪೆಟ್ಟಿಗೆಯನ್ನು ಸರಿ ಮಾಡಿದವನು ನಾನು.’

ಕೆಳಗೆ ಸಹಿ ಹಾಕಿದ್ದೇನೆ.

ಪುಟ್ಟಸ್ವಾಮಿ